ಅರವತ್ತಕ್ಕೆ ಅರಳುಮರಳು ಎಷ್ಟು ಜನರಿಗೆ? ಡಿಮೆನ್ಶಿಯಾದ ತಲೆಯೆಣಿಕೆ ನಡೆಯುವ ಬಗೆ

ನೆನಪು, ಮಾತು, ವಿವೇಚನೆ ಕುಸಿದು ಬದುಕಿನ ಕೆಲಸ ಕೆಡುವ ಡಿಮೆನ್ಶಿಯಾ ಭಾರತದ ಹಿರಿಯರಲ್ಲಿ ಎಷ್ಟು ಜನರಿಗಿದೆ? 1998ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಂದ ಬಂದ ಉತ್ತರ, 65 ದಾಟಿದವರಲ್ಲಿ ನೂರಕ್ಕೆ 1.36. 2001ರಲ್ಲಿ ಮುಂಬೈಯಿಂದ ಬಂದದ್ದು 2.44. ಅದಕ್ಕೂ ಮೊದಲು, 1996ರಲ್ಲಿ, ಕೇರಳದ ಹಳ್ಳಿಯೊಂದರಲ್ಲಿ 60 ದಾಟಿದವರನ್ನು ನೋಡಿದಾಗ 3.39 ಸಿಕ್ಕಿತ್ತು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಉತ್ತರ, 60 ದಾಟಿದವರಲ್ಲಿ 7.4.

ಈ ಅಂಕಿಗಳನ್ನು ಸಾಲಾಗಿ ಓದಿದರೆ ಕಾಲು ಶತಮಾನದಲ್ಲಿ ಕಾಯಿಲೆ ಐದು ಪಟ್ಟು ಹೆಚ್ಚಿತು ಅನ್ನಿಸುತ್ತದೆ. ಹಾಗೇನೂ ಆಗಿಲ್ಲ. ಒಂದೇ ಕಾಲದ ಅಂದಾಜುಗಳನ್ನು ಪಕ್ಕಪಕ್ಕ ಇಟ್ಟರೂ ದೊಡ್ಡ ಅಂತರ ಕಾಣುತ್ತದೆ. ಜಾಗತಿಕ ರೋಗಹೊರೆ ಅಧ್ಯಯನದ ಪ್ರಕಾರ 2019ರಲ್ಲಿ ಭಾರತದಲ್ಲಿ ಡಿಮೆನ್ಶಿಯಾ ಇದ್ದವರು ಸುಮಾರು 38 ಲಕ್ಷ. ಸರಿಸುಮಾರು ಅದೇ ಅವಧಿಯ ಮಾಹಿತಿಯಿಂದ ಹೊರಟ 2023ರ ಅಧ್ಯಯನದ ಪ್ರಕಾರ 88 ಲಕ್ಷ. ಅದೇ ಮಾಹಿತಿಯನ್ನು ಕಂಪ್ಯೂಟರ್ ಕಲಿಕೆಯ ಬೇರೊಂದು ವಿಧಾನದಲ್ಲಿ ಹಾಯಿಸಿದ ಇನ್ನೊಂದು ತಂಡಕ್ಕೆ ನೂರಕ್ಕೆ 8.44, ಅಂದರೆ ಒಂದು ಕೋಟಿಗೂ ತುಸು ಹೆಚ್ಚು ಸಿಕ್ಕಿತು. ಯಾರೂ ಸುಳ್ಳು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯಾದರೆ ರಕ್ತದ ಒಂದು ಹನಿ ಉತ್ತರ ಕೊಡುತ್ತದೆ. ಡಿಮೆನ್ಶಿಯಾವನ್ನು ಮನೆಮನೆಗೆ ಹೋಗಿ, ಮಾತಾಡಿಸಿ, ಮನೆಯವರನ್ನು ಕೇಳಿ ತೀರ್ಮಾನಿಸಬೇಕು. ಯಾವ ಪ್ರಶ್ನೆ, ಯಾರಿಗೆ, ಯಾವ ಭಾಷೆಯಲ್ಲಿ ಎಂಬುದರ ಮೇಲೆ ಅಂಕಿ ನಿಲ್ಲುತ್ತದೆ.

ಮರೆವು ಎಲ್ಲಿಗೆ ಮುಗಿಯುತ್ತದೆ, ಕಾಯಿಲೆ ಎಲ್ಲಿಂದ ಶುರು

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಯದವರ ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುವುದು ವಯಸ್ಸಿನ ಮರೆವು. ಇಂಥವರು ಆಮೇಲೆ ನೆನಪಿಸಿಕೊಳ್ಳುತ್ತಾರೆ, ದಿನದ ಕೆಲಸ ನಿಲ್ಲುವುದಿಲ್ಲ. ಡಿಮೆನ್ಶಿಯಾದಲ್ಲಿ ನೆನಪು, ಮಾತು, ದಿಕ್ಕು, ಲೆಕ್ಕಾಚಾರ, ವಿವೇಚನೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಶಕ್ತಿಗಳು ಮೊದಲಿದ್ದ ಮಟ್ಟದಿಂದ ಕುಸಿಯುತ್ತವೆ, ಆ ಕುಸಿತದಿಂದ ಬದುಕಿನ ಕೆಲಸಗಳು ಕೆಡುತ್ತವೆ. ‘ಮೊದಲಿದ್ದ ಮಟ್ಟದಿಂದ’ ಮತ್ತು ‘ಕೆಲಸ ಕೆಡುವುದು’ ಎರಡೂ ಮುಖ್ಯ. ಓದು ಬರೆಯಲು ಎಂದೂ ಬಾರದವರಿಗೆ ಇವತ್ತೂ ಬಾರದಿದ್ದರೆ ಅದು ಕುಸಿತವಲ್ಲ.

ಡಿಮೆನ್ಶಿಯಾ ಒಂದೇ ಕಾಯಿಲೆಯ ಹೆಸರೂ ಅಲ್ಲ, ಹಲವು ಕಾಯಿಲೆಗಳು ಬಂದು ಸೇರುವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದರಲ್ಲಿ ನೂರಕ್ಕೆ 60ರಿಂದ 70 ಪಾಲು ಅಲ್ಝೈಮರ್ ಇರಬಹುದು. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವುದು ಇನ್ನೊಂದು ದೊಡ್ಡ ಪಾಲು, ಎರಡೂ ಬೆರೆತಿರುವುದೂ ಸಾಮಾನ್ಯ. ‘ಬುದ್ಧಿಮಾಂದ್ಯ’ ಎಂದು ಇದನ್ನು ಕರೆಯುವುದು ತಪ್ಪು. ಆ ಪದ ಹುಟ್ಟಿನಿಂದಲೇ ಇರುವ ಬೌದ್ಧಿಕ ಬೆಳವಣಿಗೆಯ ಕೊರತೆಗೆ ಬಳಕೆಯಲ್ಲಿತ್ತು. ಡಿಮೆನ್ಶಿಯಾ ಎಂದರೆ ಚೆನ್ನಾಗಿದ್ದದ್ದು ಹಾಳಾಗುವುದು.

ಗಡಿ ಎಳೆಯಲು ಹೆಚ್ಚಿನ ಸಮೀಕ್ಷೆಗಳು ಬಳಸುವ ಅಳತೆಗೋಲೊಂದಿದೆ. ನೆನಪು, ಕಾಲ-ಸ್ಥಳದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ ಮತ್ತು ಹವ್ಯಾಸ, ಸ್ವಂತ ಶುಚಿತ್ವ ಹೀಗೆ ಆರು ಕಡೆ ನೋಡಿ ಕೊನೆಗೆ 0, 0.5, 1, 2, 3 ಇವುಗಳಲ್ಲಿ ಒಂದು ಅಂಕ ಕೊಡುತ್ತಾರೆ. 0 ಎಂದರೆ ತೊಂದರೆಯಿಲ್ಲ. 0.5 ಅನುಮಾನದ ಅಥವಾ ತೀರಾ ಸೌಮ್ಯ ಹಂತ. 1 ಸೌಮ್ಯ ಡಿಮೆನ್ಶಿಯಾ, 3 ತೀವ್ರ. 0.5ನ್ನು ಒಳಗೆ ಸೇರಿಸುತ್ತೀರೋ ಹೊರಗಿಡುತ್ತೀರೋ ಎಂಬುದರಿಂದಲೇ ಫಲಿತಾಂಶ ಬಹಳ ಬದಲಾಗುತ್ತದೆ, ಏಕೆಂದರೆ ಎಲ್ಲ ಊರಿನಲ್ಲೂ ಆ ಹಂತದಲ್ಲಿ ತುಂಬಾ ಜನ ಇರುತ್ತಾರೆ. ಪತ್ರಿಕೆಯಲ್ಲಿ ಬರುವ ಅಂಕಿಯ ಹಿಂದೆ ಈ ಗೆರೆ ಎಲ್ಲಿತ್ತು ಎಂಬುದು ಬಹುಪಾಲು ಸಲ ಬರೆದಿರುವುದಿಲ್ಲ.

ಗಾದೆಯೇ ಅಡ್ಡ ಬಂದಾಗ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವೆಂದರೆ, ಎಂಟು ಸಲ ಕೇಳಿದ್ದನ್ನೇ ಕೇಳುವ ಅಜ್ಜಿಯನ್ನು ನೋಡಿ ಯಾರೂ ಗಾಬರಿಯಾಗುವುದಿಲ್ಲ. ಸಮೀಕ್ಷೆಯವರು ಬಂದು ‘ನಿಮ್ಮ ತಾಯಿಗೆ ಮರೆವಿದೆಯೇ?’ ಎಂದರೆ ‘ಇಲ್ಲಪ್ಪ, ವಯಸ್ಸಾಯ್ತಲ್ಲ, ಅಷ್ಟೇ’ ಎನ್ನುತ್ತಾರೆ. ಸುಳ್ಳಾಡಬೇಕೆಂಬ ಉದ್ದೇಶ ಅವರಿಗಿಲ್ಲ. ಅವರ ಪಾಲಿಗೆ ಅದು ಮರೆವಲ್ಲ, ಮುಪ್ಪು.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದು 2008ರಲ್ಲಿ ಗೊತ್ತಾಯಿತು. ‘10/66’ ಎಂಬ ಸಂಶೋಧನಾ ಬಳಗ ಏಳು ದೇಶಗಳ 11 ಕಡೆ 65 ದಾಟಿದ ಸುಮಾರು 15,000 ಜನರನ್ನು ಪರೀಕ್ಷಿಸಿತು. ಡಿಮೆನ್ಶಿಯಾ ಇರುವವರಲ್ಲಿ ಮೂರನೇ ಎರಡು ಪಾಲು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರೂ ಅಲ್ಲಿ ನಡೆದ ಸಂಶೋಧನೆ ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂಬ ಕೊರಗಿನಿಂದ ಬಂದ ಹೆಸರು ಅದು. ಭಾರತದಲ್ಲಿ ಅವರು ಚೆನ್ನೈ ನಗರವನ್ನೂ ವೆಲ್ಲೂರಿನ ಹಳ್ಳಿಗಳನ್ನೂ ಆರಿಸಿಕೊಂಡಿದ್ದರು. ಅಮೆರಿಕದ ಮನೋವೈದ್ಯರ ಆಗಿನ ಅಧಿಕೃತ ಮಾನದಂಡದಿಂದ ಅಳೆದರೆ ಭಾರತದ ಹಳ್ಳಿಯಲ್ಲಿ ಡಿಮೆನ್ಶಿಯಾ ನೂರಕ್ಕೆ 0.3, ಕ್ಯೂಬಾದಲ್ಲಿ 6.3. ಬಳಗದವರು ತಾವೇ ಸಿದ್ಧಪಡಿಸಿದ್ದ, ಶಾಲೆಯ ಓದು ಮತ್ತು ಸಂಸ್ಕೃತಿಯ ವ್ಯತ್ಯಾಸಕ್ಕೆ ಬಗ್ಗದ ವಿಧಾನದಿಂದ ಅಳೆದಾಗ 11 ಕಡೆಯ ಅಂಕಿಗಳೂ ಹತ್ತಿರ ಬಂದವು: ಎಲ್ಲಕ್ಕಿಂತ ಕಡಿಮೆ 5.6, ಎಲ್ಲಕ್ಕಿಂತ ಹೆಚ್ಚು 11.7.

ಪರೀಕ್ಷಿಸಿದ್ದು ಅದೇ ಜನರನ್ನು. 0.3 ಬರಲು ಕಾರಣ ಆ ಮಾನದಂಡದ ಎರಡು ಷರತ್ತುಗಳು. ನೆನಪು ಕುಗ್ಗಿದೆ ಎಂದು ಮನೆಯವರು ಹೇಳಬೇಕು, ಅದರಿಂದ ಸಾಮಾಜಿಕ ಅಥವಾ ಉದ್ಯೋಗದ ಕೆಲಸ ಕೆಟ್ಟಿದೆ ಎಂದೂ ಕಾಣಬೇಕು. ಕೂಡು ಕುಟುಂಬದಲ್ಲಿ ಅಜ್ಜನ ಹೊಲದ ಲೆಕ್ಕವನ್ನು ಮಗ ಎಂದೋ ವಹಿಸಿಕೊಂಡಿರುತ್ತಾನೆ, ಅಜ್ಜಿಯ ಒಲೆ ಸೊಸೆಯ ಕೈಗೆ ಹೋಗಿರುತ್ತದೆ. ಕೆಲಸವನ್ನೇ ಕೊಡದಿದ್ದರೆ ಕೆಲಸ ಕೆಟ್ಟಿತೆಂದು ಗೊತ್ತಾಗುವುದು ಹೇಗೆ? ಗೌರವದಿಂದ, ಪ್ರೀತಿಯಿಂದ ವಿಶ್ರಾಂತಿ ಕೊಟ್ಟ ಮನೆಯಲ್ಲೇ ಕಾಯಿಲೆ ಹೆಚ್ಚು ಕಾಲ ಮರೆಯಾಗಿರುತ್ತದೆ.

ಆದ್ದರಿಂದ ಒಳ್ಳೆಯ ಸಮೀಕ್ಷೆ ‘ಮರೆವಿದೆಯೇ’ ಎಂದು ಕೇಳುವುದಿಲ್ಲ, ಹೋಲಿಸಿ ಕೇಳುತ್ತದೆ. ಹತ್ತು ವರ್ಷದ ಹಿಂದಿಗಿಂತ ಈಗ ಸಾಮಾನು ಎಲ್ಲಿಟ್ಟೆ ಎಂಬ ನೆನಪು ಹೇಗಿದೆ? ಕೆಲವು ದಿನದ ಹಿಂದೆ ಆಡಿದ ಮಾತು ನೆನಪಿರುತ್ತದೆಯೇ? ಅಂಗಡಿಯ ಚಿಲ್ಲರೆ ಲೆಕ್ಕ? ಹೊಸ ಉಪಕರಣ ಬಳಸುವುದು? ‘ತುಂಬಾ ಸುಧಾರಿಸಿದೆ’ಯಿಂದ ‘ತುಂಬಾ ಹದಗೆಟ್ಟಿದೆ’ವರೆಗೆ ಐದು ಉತ್ತರಗಳಲ್ಲಿ ಒಂದನ್ನು ಮನೆಯವರು ಆರಿಸಬೇಕು. ಇಂಥ 16 ಪ್ರಶ್ನೆಗಳ ಪಟ್ಟಿಯೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರ ಬಲ ಏನೆಂದರೆ ಹಿರಿಯರನ್ನು ಬೇರೆಯವರ ಜೊತೆ ಹೋಲಿಸದೆ ಅವರ ಜೊತೆಗೇ ಹೋಲಿಸುತ್ತದೆ. ದೌರ್ಬಲ್ಯವೂ ಉಂಟು: ಹತ್ತು ವರ್ಷದಿಂದ ಹತ್ತಿರ ಇದ್ದವರೇ ಉತ್ತರಿಸಬೇಕು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ಊರಲ್ಲಿ ಒಬ್ಬರೇ ಉಳಿದ ತಾಯಿಯ ಬಗ್ಗೆ ಈ ಪ್ರಶ್ನೆಗಳಿಗೆ ಯಾರು ಉತ್ತರಿಸಬೇಕು? ಪಕ್ಕದ ಮನೆಯವರ ಮಾತು ಮಗಳ ಮಾತಿಗೆ ಸಮವಾಗುವುದಿಲ್ಲ.

ಪೆನ್ನು ಹಿಡಿಯದ ಕೈಗೆ ಐದು ಮೂಲೆಯ ಚಿತ್ರ

ಮನೆಯವರನ್ನು ಕೇಳಿದ ಮೇಲೆ ಹಿರಿಯರನ್ನೇ ಪರೀಕ್ಷಿಸಬೇಕು. ಇಲ್ಲಿ ತಪ್ಪು ಎದುರು ದಿಕ್ಕಿನಿಂದ ಬರುತ್ತದೆ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 30 ಅಂಕದ ಮನಃಸ್ಥಿತಿ ಪರೀಕ್ಷೆಯೇ ಬಹುಕಾಲ ಎಲ್ಲರ ಅಳತೆಗೋಲಾಗಿತ್ತು. ಇವತ್ತು ತಾರೀಕು ಎಷ್ಟು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ‘ಕಣ್ಣು ಮುಚ್ಚಿ’ ಎಂಬ ಈ ಸಾಲನ್ನು ಓದಿ ಹಾಗೇ ಮಾಡಿ. ಒಂದು ವಾಕ್ಯ ಬರೆಯಿರಿ. ಒಂದರ ಮೇಲೊಂದು ಬಿದ್ದ ಎರಡು ಪಂಚಭುಜಗಳನ್ನು ನೋಡಿ ಬಿಡಿಸಿ. ಶಾಲೆಯ ಮೆಟ್ಟಿಲು ಹತ್ತದವರು ಇದರಲ್ಲಿ ಐದಾರು ಅಂಕವನ್ನು ಕೂತಲ್ಲೇ ಕಳೆದುಕೊಳ್ಳುತ್ತಾರೆ. ತಾರೀಕು ಹೇಳಲಾಗದ ಅಜ್ಜಿ ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂದು ತಡವರಿಸದೆ ಹೇಳಬಲ್ಲಳು. ಏಳು ಕಳೆಯಲು ಬಾರದ ಅಜ್ಜ ಸಂತೆಯಲ್ಲಿ ಚಿಲ್ಲರೆ ಎಣಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. 30ಕ್ಕೆ 24ರ ಗೆರೆ ಇಟ್ಟರೆ ನಮ್ಮ ಹಳ್ಳಿಗಳ ಆರೋಗ್ಯವಂತ ಮುದುಕಿಯರಲ್ಲಿ ಎಷ್ಟೋ ಜನ ರೋಗಿಗಳಾಗಿಬಿಡುತ್ತಾರೆ.

ಬಲ್ಲಭಗಢದಲ್ಲಿ ಪರೀಕ್ಷೆಗೊಳಗಾದ 5,126 ಜನರಲ್ಲಿ ನೂರಕ್ಕೆ 73 ಮಂದಿ ಅನಕ್ಷರಸ್ಥರು. ಅವರಿಗಾಗಿಯೇ ಆ ತಂಡ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿತು. ಓದಿ ಕಣ್ಣು ಮುಚ್ಚುವ ಬದಲು, ಪರೀಕ್ಷಕರ ಮುಖ ನೋಡಿ ಅವರು ಮಾಡಿದಂತೆ ಮಾಡಬೇಕು. ವಾಕ್ಯ ಬರೆಯುವ ಬದಲು ತಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಭಾಷಾಂತರಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಪ್ರಶ್ನೆ ಹುಡುಕುತ್ತಿರುವ ಮಿದುಳಿನ ಶಕ್ತಿ ಯಾವುದೋ ಅದನ್ನೇ ಬೇರೊಂದು ಬಾಗಿಲಿನಿಂದ ತಟ್ಟುವುದು ಇದು. ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಸೆಟ್ಟು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇದೆ. ಕನ್ನಡದ ಹಿರಿಯರನ್ನು ಇಂಗ್ಲಿಷ್ ಪರೀಕ್ಷೆಯನ್ನು ಬಾಯಲ್ಲೇ ಅನುವಾದಿಸಿಕೊಂಡು ಅಳೆಯುವ ಅಗತ್ಯ ಈಗ ಉಳಿದಿಲ್ಲ. ಹಾಗೆ ಅಳೆದ ಅಂಕವನ್ನು ನಂಬಬಾರದು ಕೂಡ.

ಕಿವಿ ಮತ್ತು ಕಣ್ಣು ಇನ್ನೊಂದು ತೊಡಕು. ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳಿ ಎನ್ನುವಾಗ ಆ ಪದಗಳು ಕೇಳಿಸಿಯೇ ಇಲ್ಲದಿದ್ದರೆ? ಪೊರೆ ಬಂದ ಕಣ್ಣಿಗೆ ಚಿತ್ರ ಕಾಣದಿದ್ದರೆ? ಖಿನ್ನತೆ, ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ನಿದ್ರೆ ಮಾತ್ರೆ, ಜ್ವರ ಅಥವಾ ಮೂತ್ರದ ಸೋಂಕಿನಿಂದ ಬಂದ ಎರಡು ದಿನದ ಗೊಂದಲ ಇವೆಲ್ಲವೂ ಅಂಕ ಇಳಿಸುತ್ತವೆ. ಪರೀಕ್ಷೆಯ ಅಂಕವನ್ನೇ ರೋಗವೆಂದು ಬರೆದುಕೊಳ್ಳುವ ಸಮೀಕ್ಷೆಯಲ್ಲಿ ಇಂಥವರೆಲ್ಲ ಒಳಗೆ ಸೇರುತ್ತಾರೆ.

ಜರಡಿಯಲ್ಲಿ ಸೋರಿಹೋಗುವವರು

ಎಲ್ಲರನ್ನೂ ತಜ್ಞರೇ ನೋಡಲಾಗದು. ಹಾಗಾಗಿ ಮೊದಲು ತರಬೇತಿ ಪಡೆದ ಕಾರ್ಯಕರ್ತರು ಸಣ್ಣ ಪರೀಕ್ಷೆಯಿಂದ ಜರಡಿ ಹಿಡಿಯುತ್ತಾರೆ, ಅದರಲ್ಲಿ ಸಿಕ್ಕವರನ್ನು ವೈದ್ಯರು ನೋಡುತ್ತಾರೆ. ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ಹೀಗೇ ನಡೆದವು. ಇದರೊಳಗಿನ ಸೋರಿಕೆಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ.

1,000 ಹಿರಿಯರಲ್ಲಿ ನಿಜಕ್ಕೂ 70 ಜನರಿಗೆ ಡಿಮೆನ್ಶಿಯಾ ಇದೆ ಎನ್ನಿ. ಕಾಯಿಲೆ ಇರುವ ನೂರರಲ್ಲಿ 80 ಜನರನ್ನು ಜರಡಿ ಹಿಡಿಯುತ್ತದೆ, ಇಲ್ಲದ ನೂರರಲ್ಲಿ 10 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಹಾಗಿದ್ದರೆ ಸಿಕ್ಕವರು 56 ರೋಗಿಗಳು, 93 ಆರೋಗ್ಯವಂತರು, ಒಟ್ಟು 149. ವೈದ್ಯರು ಈ 149 ಜನರನ್ನು ಎಷ್ಟೇ ಸರಿಯಾಗಿ ನೋಡಿದರೂ ಕೊನೆಗೆ ಸಿಗುವುದು 56, ಅಂದರೆ ನೂರಕ್ಕೆ 5.6. ಜರಡಿಯಿಂದ ಜಾರಿದ 14 ಜನ ಪುಸ್ತಕಕ್ಕೆ ಬರುವುದೇ ಇಲ್ಲ. ಸರಿಪಡಿಸುವ ದಾರಿ ಇದೆ: ಜರಡಿಯಲ್ಲಿ ಸಿಗದ 851 ಜನರಲ್ಲೂ ಹತ್ತಕ್ಕೊಬ್ಬರಂತೆ ಆರಿಸಿ ವೈದ್ಯರು ನೋಡಬೇಕು, ಅಲ್ಲಿ ಸಿಕ್ಕ ಪ್ರತಿಯೊಬ್ಬರನ್ನೂ ಹತ್ತು ಎಂದು ಎಣಿಸಬೇಕು. ದುಡ್ಡೂ ಸಮಯವೂ ಬೇಡುವ ಈ ಹೆಜ್ಜೆಯನ್ನು ಬಿಟ್ಟ ಅಧ್ಯಯನಗಳ ಅಂಕಿ ಯಾವಾಗಲೂ ಕೆಳಗಿರುತ್ತದೆ.

7.4ರ ಅಂಕಿ ಬಂದದ್ದು ಬೇರೆ ಹಾದಿಯಲ್ಲಿ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತಿತರರು ನಡೆಸುವ ‘ಲಾಸಿ’ ಎಂಬ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮನೆಯಲ್ಲೇ ಸಂದರ್ಶಿಸಿತು. ಅದರಿಂದ 60 ದಾಟಿದ 4,096 ಜನರನ್ನು ಆರಿಸಿ, ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನೆನಪು-ಮಾತು-ಯೋಚನೆಯ ದೀರ್ಘ ಪರೀಕ್ಷೆಗಳನ್ನೂ ಮನೆಯವರ ಸಂದರ್ಶನವನ್ನೂ ಮಾಡಲಾಯಿತು. ಇವರಲ್ಲಿ 2,528 ಜನರ ಕಡತಗಳನ್ನು ವೈದ್ಯರು ಆನ್‌ಲೈನ್‌ನಲ್ಲಿ ಬೇರೆಬೇರೆಯಾಗಿ ಓದಿ ಅಂಕ ಕೊಟ್ಟರು, ಹೊಂದದ ಕಡೆ ಚರ್ಚಿಸಿ ಒಮ್ಮತಕ್ಕೆ ಬಂದರು. ಆಮೇಲೆ ಈ ತೀರ್ಮಾನಗಳ ಜಾಡು ಹಿಡಿದು ಲಾಸಿಯ ಉಳಿದ 28,949 ಹಿರಿಯರಲ್ಲಿ ಯಾರಿಗೆ ಕಾಯಿಲೆ ಇರುವ ಸಂಭವ ಎಷ್ಟು ಎಂದು ಅಂಕಿಅಂಶದ ಮಾದರಿಯಿಂದ ಲೆಕ್ಕ ಹಾಕಲಾಯಿತು. 88 ಲಕ್ಷ ಜನರನ್ನು ಯಾರೂ ಒಬ್ಬೊಬ್ಬರಾಗಿ ನೋಡಿಲ್ಲ. ಆದರೂ ದೇಶಕ್ಕೆಲ್ಲ ಅನ್ವಯಿಸಬಹುದಾದ ಅಂಕಿಗಳಲ್ಲಿ ಇದು ಹೆಚ್ಚು ಭರವಸೆಯದು, ಏಕೆಂದರೆ ಒಂದು ಊರಿನ ಬದಲು ದೇಶದಿಂದ ಆರಿಸಿದ ಮಾದರಿ ಇದೆ, ಒಂದೇ ವಿಧಾನ ಎಲ್ಲ ರಾಜ್ಯಕ್ಕೂ ಅನ್ವಯವಾಗಿದೆ. ಹಾಗೆ ಹೋಲಿಸಿದಾಗ ದೆಹಲಿಯಲ್ಲಿ 4.5, ಜಮ್ಮು-ಕಾಶ್ಮೀರದಲ್ಲಿ 11 ಸಿಕ್ಕಿತು.

ರಾಜ್ಯವಾರು ಅಂಕಿ ನೋಡುವಾಗ ಎಚ್ಚರ ಬೇಕು. 1,000 ಜನರ ಮಾದರಿಯಲ್ಲಿ ನೂರಕ್ಕೆ 7 ಸಿಕ್ಕರೆ, ನಿಜವಾದದ್ದು 5.4ರಿಂದ 8.6ರೊಳಗೆ ಇರಬಹುದು. 200 ಜನರ ಮಾದರಿಯಾದರೆ ಅದೇ 7ರ ಅರ್ಥ 3.5ರಿಂದ 10.5ರೊಳಗೆ ಎಂದು. ಸಣ್ಣ ಮಾದರಿಯಿಂದ ‘ಈ ಜಿಲ್ಲೆ ಮೊದಲ ಸ್ಥಾನ’ ಎಂಬ ಸುದ್ದಿ ಬಂದರೆ ನಂಬುವ ಅವಸರ ಬೇಡ.

ವಯಸ್ಸು ಎಂಬ ದೊಡ್ಡ ಗುಣಕ

ಮುಂಬೈಯ ಆ 2001ರ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ: 40 ದಾಟಿದವರಲ್ಲಿ ನೂರಕ್ಕೆ 0.43. ಅದೇ ಅಧ್ಯಯನ, ಅದೇ ಜನ. 40ರಿಂದ ಎಣಿಸಿದರೆ 0.43, 65ರಿಂದ ಎಣಿಸಿದರೆ 2.44. ಆದ್ದರಿಂದ ಯಾವ ಶೇಕಡಾವಾರು ಕೇಳಿದರೂ ಮೊದಲು ಕೇಳಬೇಕಾದದ್ದು ‘ಎಷ್ಟು ವಯಸ್ಸು ದಾಟಿದವರಲ್ಲಿ?’ ಎಂದು.

ವಯಸ್ಸು ಸುಮಾರು ಐದಾರು ವರ್ಷ ಏರಿದಂತೆಲ್ಲ ಡಿಮೆನ್ಶಿಯಾದ ಪ್ರಮಾಣ ಇಮ್ಮಡಿಯಾಗುತ್ತದೆ. ಗಾದೆಯ ಅರವತ್ತರಲ್ಲಿ ಅದು ಅಪರೂಪ, ಎಂಬತ್ತೈದರ ಆಚೆ ಸಾಮಾನ್ಯ. 60-69ರಲ್ಲಿ ನೂರಕ್ಕೆ 3, 70-79ರಲ್ಲಿ 9, 80ರ ಮೇಲೆ 20 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಂದು ಊರಿನ ಸಾವಿರ ಹಿರಿಯರಲ್ಲಿ 700, 200, 100 ಹೀಗೆ ಹಂಚಿದ್ದರೆ ರೋಗಿಗಳು 59. ಇನ್ನೊಂದರಲ್ಲಿ 500, 300, 200 ಇದ್ದರೆ 82. ಎರಡೂ ಊರಲ್ಲಿ ಒಬ್ಬ ಎಪ್ಪತ್ತೈದರ ಅಜ್ಜನಿಗಿರುವ ಅಪಾಯ ಒಂದೇ. ಆದರೂ 5.9 ಮತ್ತು 8.2 ಎಂಬ ಎರಡು ಅಂಕಿ. ವಯಸ್ಸಿನ ಹಂಚಿಕೆಯನ್ನು ಸಮ ಮಾಡದೆ ಕೇರಳವನ್ನು ಬಿಹಾರಕ್ಕೆ, ಭಾರತವನ್ನು ಜಪಾನಿಗೆ ಹೋಲಿಸಿದರೆ ನಾವು ಹೋಲಿಸುತ್ತಿರುವುದು ಬರೀ ಆಯುಷ್ಯವನ್ನು.

ಇಮ್ಮಡಿಯ ಇದೇ ಲೆಕ್ಕದಲ್ಲಿ ಆಸೆಯೂ ಇದೆ. ಕಾಯಿಲೆ ಶುರುವಾಗುವುದನ್ನು ಐದು ವರ್ಷ ಮುಂದೂಡಿದರೆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಪೂರ್ತಿ ತಡೆಯಲೇಬೇಕೆಂದಿಲ್ಲ, ತಡವಾದರೂ ಸಾಕು.

ಕೆರೆ, ಹಳ್ಳ, ತೂಬು

ಒಂದು ದಿನ ನಿಂತು ಎಷ್ಟು ಜನರಿಗೆ ಕಾಯಿಲೆ ಇದೆ ಎಂದು ಎಣಿಸುವುದು ಕೆರೆಯ ನೀರಿನ ಮಟ್ಟ ನೋಡಿದಂತೆ. ಹಳ್ಳದಿಂದ ಬರುವ ನೀರು ಪ್ರತಿವರ್ಷದ ಹೊಸ ರೋಗಿಗಳು. ತೂಬಿನಿಂದ ಹೋಗುವುದು ಸಾವು. ಮಟ್ಟ ಕಡಿಮೆಯಿದ್ದರೆ ಒಳಹರಿವು ಕಡಿಮೆ ಎಂದೇ ಹೇಳಲಾಗದು, ತೂಬು ದೊಡ್ಡದಿರಬಹುದು.

ಸಾವಿರ ಹಿರಿಯರಲ್ಲಿ ವರ್ಷಕ್ಕೆ 15 ಜನರಿಗೆ ಹೊಸದಾಗಿ ಬಂದು, ಅವರು ಸರಾಸರಿ 5 ವರ್ಷ ಬದುಕಿದರೆ ಯಾವಾಗ ಎಣಿಸಿದರೂ ಸುಮಾರು 75 ಜನ ಸಿಗುತ್ತಾರೆ. ಆರೈಕೆ ಸಿಗದೆ 3 ವರ್ಷಕ್ಕೇ ತೀರಿಕೊಂಡರೆ ಸಿಗುವವರು 45. ಒಳ್ಳೆಯ ಆರೈಕೆಯಿಂದ 8 ವರ್ಷ ಬದುಕಿದರೆ 120. ಕಾಯಿಲೆ ಬರುವ ಅಪಾಯ ಮೂರೂ ಕಡೆ ಒಂದೇ. ನಾಚಿಕೆಪಡಬೇಕಾದ ಜಾಗದಲ್ಲಿ ಅಂಕಿ ಚಂದ ಕಾಣುತ್ತದೆ, ಹೆಮ್ಮೆಪಡಬೇಕಾದ ಜಾಗದಲ್ಲಿ ಭಯ ಹುಟ್ಟಿಸುತ್ತದೆ. ಹೀಗಾಗಿಯೇ ಹೊಸ ರೋಗಿಗಳ ಎಣಿಕೆಗೆ ಬೆಲೆ ಹೆಚ್ಚು. ಬಲ್ಲಭಗಢದಲ್ಲಿ 65 ದಾಟಿದ ಸಾವಿರ ಜನರಲ್ಲಿ ವರ್ಷಕ್ಕೆ 4.7 ಜನರಿಗೆ ಹೊಸದಾಗಿ ಅಲ್ಝೈಮರ್ ಬಂದರೆ, ಅದೇ ತಂಡ ಹೋಲಿಸಿದ ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ಕಣಿವೆಯಲ್ಲಿ 17.5 ಜನರಿಗೆ ಬಂದಿತ್ತು. ಇಲ್ಲೂ ಗಾದೆಯ ಮುಸುಕು ಎಷ್ಟು, ನಿಜವಾದ ವ್ಯತ್ಯಾಸ ಎಷ್ಟು ಎಂಬ ಚರ್ಚೆಯಿದೆ. ಅಂತರದ ಒಂದು ಪಾಲಾದರೂ ಮುಸುಕಿನದ್ದೇ ಎಂದು ವೆಲ್ಲೂರಿನ ಅನುಭವ ನೋಡಿದವರಿಗೆ ಅನ್ನಿಸದಿರದು.

ಹೊಸಬರನ್ನು ಎಣಿಸಲು ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ನಮ್ಮ ರಾಜ್ಯದಲ್ಲಿ ಆ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ದಾಟಿದ 10,000 ಜನರನ್ನು, ಜೊತೆಗೆ ಬೆಂಗಳೂರು ನಗರದ 1,000 ಜನರನ್ನು ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ಮಿದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲವನ್ನೂ ಮತ್ತೆ ಮತ್ತೆ ಮಾಡುವುದರಿಂದ ಹಳ್ಳಿಯ ಕನ್ನಡಿಗರಲ್ಲಿ, ತೆಲುಗರಲ್ಲಿ ಈ ಕಾಯಿಲೆ ಹೇಗೆ ಮೊಳೆಯುತ್ತದೆ ಎಂಬುದಕ್ಕೆ ಮೊದಲ ಸಲ ಇಲ್ಲಿನದೇ ಮಾಹಿತಿ ಸಿಗುತ್ತದೆ.

ಯಾರಿಗೆ ಹೆಚ್ಚು

ದೇಶದ 7.4ನ್ನು ಬಿಡಿಸಿ ನೋಡಿದರೆ ಗಂಡಸರಲ್ಲಿ 5.8, ಹೆಂಗಸರಲ್ಲಿ 9.0. ನಗರದಲ್ಲಿ 5.3, ಹಳ್ಳಿಯಲ್ಲಿ 8.4. ಹೆಂಗಸರು ಹೆಚ್ಚು ಕಾಲ ಬದುಕುವುದು ಒಂದು ಕಾರಣ. ಶಾಲೆಗೆ ಕಳಿಸದೆ ಇದ್ದದ್ದು ಇನ್ನೊಂದು, ಬಹುಶಃ ದೊಡ್ಡದು. ಓದು ಎರಡು ರೀತಿ ಕೆಲಸ ಮಾಡುತ್ತದೆ, ಎರಡನ್ನೂ ಬೇರ್ಪಡಿಸುವುದು ಕಷ್ಟ. ಒಂದು, ಪರೀಕ್ಷೆಯಲ್ಲಿ ಅಂಕ ತರುತ್ತದೆ, ಅದು ಬರೀ ತೋರಿಕೆ. ಎರಡು, ಮಿದುಳಿಗೆ ಉಳಿತಾಯದ ಗಂಟು ಕೊಡುತ್ತದೆ. ಒಳಗೆ ಹಾನಿ ಶುರುವಾದರೂ ಹೊರಗೆ ಕಾಣುವುದು ತಡವಾಗುತ್ತದೆ.

ಆ ಗಂಟು ಶಾಲೆಯಿಂದಲೇ ಬರಬೇಕೆಂದಿಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ ಆಸ್ಪತ್ರೆಯ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬಾರದವರಲ್ಲೂ ಈ ಅಂತರ ಇತ್ತು. ಆಸ್ಪತ್ರೆಗೆ ಬಂದವರ ಅಧ್ಯಯನವಾದ್ದರಿಂದ ಊರಿಗೆಲ್ಲ ಹಾಗೇ ಅನ್ವಯಿಸುವಂತಿಲ್ಲ. ಆದರೂ ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿನಾಡಿನ ಹಿರಿಯರ ಬಗ್ಗೆ ಯೋಚಿಸುವಾಗ ಇದು ನೆನಪಿರಬೇಕು.

ಪ್ರಮಾಣ ಇಳಿಯಬಲ್ಲದು ಎಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ. ಅಲ್ಲಿ 1990ರ ದಶಕದ ಆರಂಭದ ಪ್ರಮಾಣವೇ ಮುಂದುವರಿದಿದ್ದರೆ 2011ರ ವೇಳೆಗೆ 65 ದಾಟಿದವರಲ್ಲಿ ನೂರಕ್ಕೆ 8.3 ಇರಬೇಕಿತ್ತು. ಅದೇ ಜಾಗಗಳಲ್ಲಿ ಅದೇ ವಿಧಾನದಿಂದ ಮತ್ತೆ ಎಣಿಸಿದಾಗ ಸಿಕ್ಕಿದ್ದು 6.5. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲೂ ಮೂರು ದಶಕ ಹೊಸ ರೋಗಿಗಳ ಪ್ರಮಾಣ ದಶಕಕ್ಕೆ ಸುಮಾರು ಐದನೇ ಒಂದು ಪಾಲು ಇಳಿಯಿತು, ಆದರೆ ಪ್ರೌಢಶಾಲೆ ಮುಗಿಸಿದವರಲ್ಲಿ ಮಾತ್ರ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಬಾಲ್ಯದ ಓದಿನ ಕೊರತೆ, ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಒಂಟಿತನ, ಗಾಳಿಯ ಮಾಲಿನ್ಯ, ಚಿಕಿತ್ಸೆ ಮಾಡಿಸದ ದೃಷ್ಟಿದೋಷ ಅವುಗಳಲ್ಲಿವೆ. ಎಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು.

ನಮ್ಮೂರಿಗೆ ಎಷ್ಟು

ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು 2011ರ ಜನಗಣತಿಯಲ್ಲಿ ನೂರಕ್ಕೆ 9.5 ಇದ್ದರು, ಈಗ ಸುಮಾರು 11 ಎಂದು ಇಟ್ಟುಕೊಳ್ಳಬಹುದು. ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ನಿಯಮ. ಹಾಗಾದರೆ ಹಿರಿಯರು 3,300, ದೇಶದ ಸರಾಸರಿಯನ್ನೇ ಹಾಕಿದರೆ ಡಿಮೆನ್ಶಿಯಾ ಇರುವವರು ಸುಮಾರು 240. ಒಬ್ಬ ಆಶಾ ಕಾರ್ಯಕರ್ತೆಯ ಪಾಲಿನ ಸಾವಿರ ಜನರಲ್ಲಿ ಹಿರಿಯರು 110, ಅವರಲ್ಲಿ ಎಂಟು ಮಂದಿ. ಹಳ್ಳಿಯ 8.4 ಹಿಡಿದರೆ ಒಂಬತ್ತು.

ಈ 240 ಜನರಲ್ಲಿ ಆ ಕೇಂದ್ರದ ದಾಖಲೆಯಲ್ಲಿ ಎಷ್ಟು ಹೆಸರಿವೆ ಎಂದು ನೋಡಿದರೆ ಕಾಯಿಲೆಯ ಗಾತ್ರಕ್ಕಿಂತ ಅದರ ಮರೆಯ ಗಾತ್ರ ತಿಳಿಯುತ್ತದೆ. ಭಾರತದ ಒಂದು ಅಧ್ಯಯನವನ್ನು ಆಧರಿಸಿ 2011ರ ವಿಶ್ವ ಅಲ್ಝೈಮರ್ ವರದಿ, ಇಲ್ಲಿ ನೂರಕ್ಕೆ 90 ಜನರ ಕಾಯಿಲೆ ಗುರುತಾಗಿಯೇ ಇಲ್ಲ ಎಂದಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಮುದಾಯ ತಪಾಸಣಾ ಪಟ್ಟಿಯಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ಅವುಗಳಲ್ಲೊಂದು, ಹತ್ತಿರದವರ ಹೆಸರನ್ನೋ ಸ್ವಂತ ಮನೆಯ ವಿಳಾಸವನ್ನೋ ಮರೆಯುತ್ತೀರಾ ಎಂಬುದು. ಪ್ರಶ್ನೆ ಇರುವುದೇ ಒಳ್ಳೆಯದು, ಆದರೆ ಅದು ಹಿಡಿಯುವುದು ಮುಂದುವರಿದ ಕಾಯಿಲೆಯನ್ನು. ಮಗಳ ಹೆಸರು ಮರೆಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಜೊತೆಗೆ ಮನೆಯವರಿಗೆ ಎರಡು ಮಾತು ಸೇರಿಸಿ ಕೇಳಿದರೆ ಬೇರೆ ಜನ ಸಿಗುತ್ತಾರೆ: ಮೊದಲು ತಾವೇ ನೋಡಿಕೊಳ್ಳುತ್ತಿದ್ದ ದುಡ್ಡು, ಅಡುಗೆ, ಮಾತ್ರೆ ಇವುಗಳಲ್ಲಿ ಈಗ ಎಡವುತ್ತಾರೆಯೇ? ಕೇಳಿದ್ದನ್ನೇ ಅದೇ ದಿನ ಮತ್ತೆ ಮತ್ತೆ ಕೇಳುತ್ತಾರೆಯೇ?

ಹೀಗೆ ಸಿಕ್ಕವರಿಗೆ ಮೊದಲು ಬೇಕಾದದ್ದು ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ, ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ, ಕಿವಿ-ಕಣ್ಣಿನ ಪರೀಕ್ಷೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಮನಸ್ಸು ಕುಗ್ಗಿದೆಯೇ ಎಂಬ ವಿಚಾರಣೆ. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಸ್ಕ್ಯಾನ್ ತಡಮಾಡುವಂತಿಲ್ಲ. ಇವುಗಳಲ್ಲಿ ಯಾವುದಾದರೂ ಕಾರಣವೆಂದು ಸಿಕ್ಕವರಲ್ಲಿ ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಉಳಿದವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೋ ನರರೋಗ ತಜ್ಞರೋ ನೋಡಬೇಕು. ಎಲ್ಲಿಗೆ ಹೋಗಬೇಕೆಂದು ತೋಚದ ಮನೆಯವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಿ ಕೇಳಬಹುದು, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.